ಕಾರಣವನ್ನೂ ಹೇಳುವ ಸೂಚನಾಪತ್ರ: ನಮ್ಮೂರಿನ ಪುಟ್ಟ ಶಿಶುವಿಹಾರದ ಶರತ್ಕಾಲದ ಮೂರು ತಿಂಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ, ಅಡಿಕೆ ತೋಟದ ಮೇಲ್ಬದಿಯ ಹಂಚಿನ ಮನೆಯೊಂದರಲ್ಲಿ ನಡೆಯುವ ಪುಟ್ಟ ಶಿಶುವಿಹಾರಕ್ಕೆ ನನ್ನ ಮಗಳು ಹೋಗತೊಡಗಿ ಇದು ಎರಡನೆಯ ವರ್ಷ. ಅಲ್ಲಿ 28 ಮಕ್ಕಳು, ಇಬ್ಬರು ಟೀಚರ್‌ಗಳು, ಒಬ್ಬರು ಆಯಾ ಇದ್ದಾರೆ. ತಿಂಗಳಿಗೆ 1,200 ರೂಪಾಯಿ ಶುಲ್ಕ. ಮಗುವನ್ನು ಎಲ್ಲಿಗೆ ಸೇರಿಸುವುದೆಂದು ನೆಂಟರೂ ನೆರೆಕರೆಯವರೂ ನನ್ನಲ್ಲಿ ವಿಚಾರಿಸುವಾಗ ಕಟ್ಟಡ ಹೇಗಿದೆ, ಆಟಿಕೆಗಳು ಎಷ್ಟಿವೆ, ಇಂಗ್ಲಿಷ್ ಕಲಿಸುತ್ತಾರೆಯೇ ಎಂದು ಕೇಳುತ್ತಾರೆ. ಕಟ್ಟಡ ಹಳೆಯದು, ಆಟಿಕೆಗಳು ಸಾಕಷ್ಟಿವೆ, ಇಂಗ್ಲಿಷ್ ಪದ್ಯಗಳನ್ನು ಹೇಳಿಸುತ್ತಾರೆ ಎಂದು ಮೂರು ಮಾತಿನಲ್ಲಿ ಉತ್ತರ ಮುಗಿಯುತ್ತದೆ. ಆದರೆ ಈ ಶಿಶುವಿಹಾರದ ಮೇಲೆ ನನಗೆ ವಿಶ್ವಾಸ ಹುಟ್ಟಿದ್ದು ಅದು ಪ್ರತಿ ತಿಂಗಳು ಮನೆಗೆ ಕಳುಹಿಸುವ ಸೂಚನಾಪತ್ರದಿಂದ. 2025ರ ಸೆಪ್ಟೆಂಬರ್, ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಮೂರು ಪತ್ರಗಳನ್ನು ಎದುರಿಗಿಟ್ಟುಕೊಂಡು, ಹೆತ್ತವರಿಗೆ ಸಂಸ್ಥೆಯೊಂದು ಹೇಗೆ ಬರೆಯಬೇಕೆಂಬುದಕ್ಕೆ ಅವು ಏಕೆ ಮಾದರಿಯಾಗಿವೆ, ಎಲ್ಲಿ ಇನ್ನೂ ತಿದ್ದಿಕೊಳ್ಳಬೇಕಾಗಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕೂವರೆ ವರ್ಷದ ಮಗು ಮನೆಗೆ ಬಂದು ಅಲ್ಲಿ ನಡೆದುದನ್ನು ಕ್ರಮವಾಗಿ ಹೇಳಲಾರದು. ಬೆಳಗ್ಗೆ ಒಂಬತ್ತೂವರೆಗೆ ಗೇಟಿನ ಒಳಗೆ ಬಿಟ್ಟ ಮಗುವನ್ನು ಮಧ್ಯಾಹ್ನದ ಮೇಲೆ ಕರೆತರುವ ತನಕದ ಆರು ಗಂಟೆಗಳಲ್ಲಿ ಅದಕ್ಕೆ ಏನು ಉಣಿಸಿದರು, ಎಲ್ಲಿ ಕೂರಿಸಿದರು, ಜ್ವರ ಬಂದರೆ ಏನು ಮಾಡುತ್ತಾರೆ ಎಂಬುದು ನಮಗೆ ತಿಳಿಯುವುದು ಟೀಚರ್ ಹೇಳಿದರೆ ಮಾತ್ರ. ಗೇಟಿನ ಬಳಿ ಮಾತನಾಡೋಣವೆಂದರೆ ಅಲ್ಲಿ ಆಟೋ ಕಾಯುತ್ತಿರುತ್ತದೆ, ಅಳುವ ಮಗುವೊಂದು ಟೀಚರ ಸೀರೆಯ ಸೆರಗು ಹಿಡಿದಿರುತ್ತದೆ. ಆದ್ದರಿಂದಲೇ ಬರವಣಿಗೆಯಲ್ಲಿ ಬರುವ ಸೂಚನೆಗೆ ಇಷ್ಟು ಬೆಲೆ. ಮನೆಯವರೆಲ್ಲ ಅದನ್ನು ಓದಬಹುದು, ಮರೆತರೆ ಮತ್ತೊಮ್ಮೆ ತೆಗೆದು ನೋಡಬಹುದು.

ಪತ್ರದ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ಮಲಯಾಳ. ಕಾಸರಗೋಡಿನ ಹೊರಗಿನವರಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಈ ನೆಲ ಆ ದಿನ ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಕಚೇರಿಗಳಿಂದ ಬರುವ ಕಾಗದಗಳ ಭಾಷೆ ಮಲಯಾಳ, ಮನೆಯೊಳಗಿನ ಭಾಷೆ ಕನ್ನಡ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಹೀಗೆ ಯಾವುದೂ ಆಗಿರಬಹುದು. ಸಪ್ತಭಾಷಾ ಸಂಗಮಭೂಮಿ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಮಗುವಿಗೆ ಔಷಧ ಕೊಡುವ ಹೊತ್ತಿನಲ್ಲಿ ಮನೆಯಲ್ಲಿರುವವರಿಗೆ ಅರ್ಥವಾಗುವ ಭಾಷೆಯಲ್ಲಿ ನಾಲ್ಕು ಸಾಲು ಸಿಗುವುದು ಅಷ್ಟು ಸುಲಭವಲ್ಲ. ನಾನು ಸಹಕಾರಿ ಸೊಸೈಟಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತೇನೆ, ನನ್ನ ಗಂಡ ವಾರವಿಡೀ ಮಂಗಳೂರಿನಲ್ಲಿರುತ್ತಾರೆ; ಮಧ್ಯಾಹ್ನದಿಂದ ಸಂಜೆಯವರೆಗೆ ಮಗಳನ್ನು ನೋಡಿಕೊಳ್ಳುವವರು ನನ್ನ ಅತ್ತೆ. ಅವರ ಮನೆಮಾತು ತುಳು, ಏಳನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಶಿಶುವಿಹಾರದ ಸೂಚನೆಗಳು ಮುಟ್ಟಬೇಕಾದದ್ದು ನನಗಿಂತ ಮೊದಲು ಅವರಿಗೆ.

ಮಗಳಿಗೆ ಎರಡೂವರೆ ವರ್ಷವಾಗಿದ್ದಾಗ ಕೆಲವು ತಿಂಗಳು ಅವಳನ್ನು ಬೇರೊಂದು ಕಡೆ ಬಿಡುತ್ತಿದ್ದೆವು. ಅಲ್ಲಿಂದ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿದ್ದ ಸೂಚನೆಗಳು ಲಿಪಿಯಲ್ಲಿ ಕನ್ನಡವಾಗಿದ್ದರೂ ಪದಗಳಲ್ಲಿ ಅರೆ ಮಲಯಾಳವಾಗಿದ್ದವು. ಒಂದು ಸಂಜೆ ‘ನಾಳೆ ಅವಧಿ ಇರುತ್ತದೆ’ ಎಂಬ ಸಂದೇಶ ಬಂತು. ಮಲಯಾಳದಲ್ಲಿ ಅವಧಿ ಎಂದರೆ ರಜೆ. ಕನ್ನಡದವರಿಗೆ ಅವಧಿ ಎಂದರೆ ಗೊತ್ತುಪಡಿಸಿದ ಕಾಲ. ತರಗತಿಯ ಅವಧಿ ಇದೆಯೆಂದು ತಿಳಿದು ಮರುದಿನ ಮಗುವನ್ನು ಹೊರಡಿಸಿ, ಮುಚ್ಚಿದ ಬಾಗಿಲು ನೋಡಿ ಹಿಂದೆ ಬಂದೆವು. ಅದು ಹೋಗಲಿ ಎನ್ನಬಹುದು. ಆದರೆ ಇನ್ನೊಂದು ಸಂದೇಶ ‘ಪನಿ ಇದ್ದರೆ ಮಕ್ಕಳನ್ನು ಕಳುಹಿಸಬಾರದು’ ಎಂದಿತ್ತು. ಮಲಯಾಳದ ಪನಿ ಜ್ವರ, ತುಳುವಿನ ಪನಿ ತುಂತುರು ಮಳೆ. ಅತ್ತೆಯವರು ಜಿಟಿಜಿಟಿ ಮಳೆಯಿದ್ದ ಎರಡು ದಿನ ಮಗುವನ್ನು ಮನೆಯಲ್ಲೇ ಉಳಿಸಿಕೊಂಡರು. ಮೂರನೆಯ ದಿನ ಬಿಸಿಲು ಬಂದಿತೆಂದು, ಮೈ ಸ್ವಲ್ಪ ಬಿಸಿ ಇದ್ದರೂ, ಕಳುಹಿಸಿಕೊಟ್ಟರು. ಅವರು ಸೂಚನೆಯನ್ನು ಪ್ರಾಮಾಣಿಕವಾಗಿ ಪಾಲಿಸಿದ್ದರು. ಮಧ್ಯಾಹ್ನ ನನಗೆ ಫೋನ್ ಬಂದು ಹೋಗಿ ನೋಡಿದಾಗ ಮಗು ಚಾಪೆಯ ಮೇಲೆ ಕೆನ್ನೆ ಕೆಂಪಾಗಿ ಮಲಗಿತ್ತು. ಆ ದಿನದ ಅತ್ತೆಯವರ ಮುಖ ನನಗೆ ಇಂದಿಗೂ ಮರೆತಿಲ್ಲ. ಸೂಚನೆಯಲ್ಲಿನ ಒಂದು ಪದ ಎಷ್ಟು ದೂರ ಹೋಗುತ್ತದೆಂಬುದನ್ನು ನಾನು ಅಂದು ಕಲಿತೆ.

ಈಗಿನ ಶಿಶುವಿಹಾರದ ಸೆಪ್ಟೆಂಬರ್ ಪತ್ರದಲ್ಲಿ ಜ್ವರದ ವಿಷಯಕ್ಕೆ ಒಂದು ಇಡೀ ಪರಿಚ್ಛೇದವಿದೆ. ಜ್ವರದ ಔಷಧ ಕೊಡದೆಯೇ 24 ಗಂಟೆ ಜ್ವರ ಬಾರದೆ ಇದ್ದ ಮಗುವನ್ನು ಮಾತ್ರ ಕಳುಹಿಸಬೇಕು ಎಂದು ಹೇಳಿ, ಅದರ ಕಾರಣವನ್ನೂ ಅಲ್ಲಿಯೇ ಬರೆದಿದ್ದಾರೆ: ಪ್ಯಾರಾಸಿಟಮಾಲ್ ಸಿರಪ್ ನಾಲ್ಕರಿಂದ ಆರು ಗಂಟೆಯ ಕಾಲ ಜ್ವರವನ್ನು ಇಳಿಸುತ್ತದೆಯೇ ಹೊರತು ಸೋಂಕನ್ನು ತೆಗೆಯುವುದಿಲ್ಲ, ಬೆಳಗ್ಗೆ ಎಂಟಕ್ಕೆ ಔಷಧ ಕುಡಿದು ಬಂದ ಮಗು ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಜ್ವರದಲ್ಲಿ ಬೀಳುತ್ತದೆ, ಅಷ್ಟರೊಳಗೆ ಪಕ್ಕದ ಮಕ್ಕಳಿಗೆ ಅಂಟಿಸಿಯೂ ಆಗಿರುತ್ತದೆ. ನಾವು ಟೊಮೆಟೊ ಜ್ವರವೆಂದು ಕರೆಯುವ, ಕೈ, ಕಾಲು, ಬಾಯಿಗಳಲ್ಲಿ ಗುಳ್ಳೆಗಳೇಳುವ ಕಾಯಿಲೆಯ ಬಗೆಗೂ ಇದೇ ಬಗೆಯ ವಿವರಣೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಎಂಜಲು, ಗುಳ್ಳೆಯ ನೀರು ಮತ್ತು ಮಲದಿಂದ ಹರಡುತ್ತದೆ. ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಬಾಯಿಯ ಹುಣ್ಣಿನಿಂದ ಮಗು ನೀರನ್ನೂ ಬಿಟ್ಟೀತು, ಆದ್ದರಿಂದ ತಣ್ಣಗಿನ ಗಂಜಿತಿಳಿ, ಎಳನೀರು ಕೊಡುತ್ತಿರಬೇಕು ಮತ್ತು ಮೂತ್ರ ಕಡಿಮೆಯಾದರೆ ಡಾಕ್ಟರಿಗೆ ತೋರಿಸಬೇಕು. ಗುಳ್ಳೆ ಒಣಗುವ ತನಕ ಕಳುಹಿಸಬಾರದೆಂಬ ಸೂಚನೆ ಇಷ್ಟೆಲ್ಲ ಹೇಳಿದ ಮೇಲೆ ಬರುತ್ತದೆ. ಹೀಗೆ ಓದಿದವರಿಗೆ ಮಗುವನ್ನು ವಾರವಿಡೀ ಮನೆಯಲ್ಲಿ ಉಳಿಸಿಕೊಳ್ಳುವುದು ಶಿಕ್ಷೆಯಾಗಿ ಕಾಣುವುದಿಲ್ಲ.

ಸೊಳ್ಳೆಯ ವಿಷಯವನ್ನೂ ಊರಿನ ತೋಟವನ್ನು ಬಲ್ಲವರೇ ಬರೆದಿದ್ದಾರೆಂಬುದು ಓದುತ್ತಲೇ ತಿಳಿಯುತ್ತದೆ. ಪೇಟೆಯ ಕಡೆಯ ಕರಪತ್ರಗಳಲ್ಲಿ ಹೂವಿನ ಕುಂಡ, ಏರ್‌ಕೂಲರ್, ಟೈರ್ ಎಂದಿರುತ್ತದೆ. ನಮ್ಮಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ಒಡೆದ ತೆಂಗಿನ ಗೆರಟೆಯಲ್ಲಿ, ರಬ್ಬರಿನ ಹಾಲು ಹಿಡಿಯುವ ಚಿಪ್ಪಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದಲೇ ಕೇರಳದಲ್ಲಿ ಶುಕ್ರವಾರ ಶಾಲೆಗಳಿಗೆ, ಶನಿವಾರ ಕಚೇರಿಗಳಿಗೆ, ಭಾನುವಾರ ಮನೆಗಳಿಗೆ ಡ್ರೈ ಡೇ, ಅಂದರೆ ನಿಂತ ನೀರನ್ನು ಚೆಲ್ಲುವ ದಿನ, ಎಂದು ಗೊತ್ತುಮಾಡಿರುವುದು. ಭಾನುವಾರ ಮಗುವನ್ನು ಕರೆದುಕೊಂಡು ಮನೆಯ ಸುತ್ತ ಒಂದು ಸುತ್ತು ಬನ್ನಿ, ನೀರು ನಿಂತ ಹಾಳೆಯನ್ನು ಅದರ ಕೈಯಲ್ಲೇ ಮಗುಚಿಸಿ, ಎಷ್ಟು ಹಾಳೆ ಮಗುಚಿತೆಂದು ಸೋಮವಾರ ಬಂದು ಹೇಳಲಿ ಎಂದು ಪತ್ರದಲ್ಲಿದೆ. ನನ್ನ ಮಗಳು ಮೊದಲ ಭಾನುವಾರ ಹನ್ನೊಂದು ಎಣಿಸಿದಳು. ಒಂದು ಹಾಳೆಯ ಮಡಿಕೆಯಲ್ಲಿ, ಕೊಳೆತ ಎಲೆಯ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಕೂದಲೆಳೆಯಂಥ ಮರಿಗಳು ಕೊಂಕುತ್ತಾ ಕೆಳಗಿಳಿಯುವುದನ್ನು ಅವಳು ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ಆ ಮೇಲೆ ತಾನಾಗಿಯೇ ಹಾಳೆಯ ತುದಿ ಹಿಡಿದು ಮಗುಚಿದಳು.

ಅದೇ ಪತ್ರದಲ್ಲಿ ಅಡಿಕೆಗೆ ಮದ್ದು ಬಿಡುವ ದಿನದ ಕುರಿತು ಮೂರು ಸಾಲು ಇವೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಮಳೆ ಹಿಡಿದ ವರ್ಷಗಳಲ್ಲಿ ಸೆಪ್ಟೆಂಬರಿನಲ್ಲಿಯೂ ಮದ್ದು ಬಿಡಬೇಕಾಗುವುದರಿಂದ ಈ ಸೂಚನೆ. ಮೈಲುತುತ್ತಿನ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ, ಹೊಟ್ಟೆಗೆ ಹೋದರೆ ವಿಷ. ಚೀಲವನ್ನು ಎತ್ತರದಲ್ಲಿಡಿ, ಮದ್ದು ಬಿಟ್ಟವರು ಮಿಂದು ಬಟ್ಟೆ ಬದಲಿಸಿದ ಬಳಿಕವೇ ಮಗುವನ್ನು ಎತ್ತಿಕೊಳ್ಳಿ ಎಂದಿದೆ. ಅಡಿಕೆಯೇ ಜೀವನವಾಗಿರುವ ಊರಿನಲ್ಲಿ ಇದನ್ನು ಬರೆಯಲು ಯಾರಿಗೂ ಹೊಳೆದಿರಲಿಲ್ಲ ಎಂಬುದೇ ನನಗೆ ಆಶ್ಚರ್ಯ.

ಮೂರು ಪತ್ರಗಳಲ್ಲಿ ಅತ್ಯುತ್ತಮವಾದುದು ಅಕ್ಟೋಬರಿನದು. ಅದು ಆರಂಭವಾಗುವುದೇ ಸಿಡಿಲಿನಿಂದ. ಹಿಂಗಾರು ಕಾಲಿಡುವ, ಅಕ್ಟೋಬರ್ ನಡುವಿನಲ್ಲಿ ಆರಂಭವಾಗುವ ತುಲಾ ಮಾಸದಲ್ಲಿ ನಮ್ಮ ಕಡೆ ಬೆಳಗ್ಗೆ ಆಕಾಶ ತೊಳೆದಂತೆ ಇರುತ್ತದೆ, ಮಧ್ಯಾಹ್ನದವರೆಗೆ ಸುಡುವ ಬಿಸಿಲು. ಕಾದ ನೆಲದಿಂದ ಮೇಲೇಳುವ ತೇವದ ಗಾಳಿ ಘಟ್ಟದ ಬದಿಯಲ್ಲಿ ಇನ್ನೂ ಮೇಲಕ್ಕೇರಿ, ಎರಡು, ಮೂರು ಗಂಟೆಯ ಹೊತ್ತಿಗೆ ಕರಿಮೋಡವಾಗಿ ಗುಡುಗುತ್ತದೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವು ತನ್ನ ಸಿಡಿಲಿನ ಎಚ್ಚರಿಕೆಗಳಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗಿನ ಹೊತ್ತನ್ನು ಮುಖ್ಯವಾಗಿ ಹೆಸರಿಸುವುದು ಇದೇ ಕಾರಣಕ್ಕೆ. ಆದ್ದರಿಂದ ಅಕ್ಟೋಬರ್ ಎರಡನೆಯ ವಾರದಿಂದ ನವೆಂಬರ್ ಕೊನೆಯವರೆಗೆ ಶಿಶುವಿಹಾರವು ಮೂರೂವರೆಗೆ ಬದಲಾಗಿ ಒಂದೂವರೆಗೆ ಬಿಡುತ್ತದೆ, ಆ ಎರಡು ಗಂಟೆಯಲ್ಲಿ ಅರ್ಧ ಗಂಟೆಯನ್ನಾದರೂ ತುಂಬಿಸಲು ಬೆಳಗ್ಗೆ ಒಂಬತ್ತಕ್ಕೇ ಬಾಗಿಲು ತೆರೆಯಲಾಗುತ್ತದೆ ಎಂದು ಪತ್ರ ತಿಳಿಸುತ್ತದೆ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಇದರಿಂದ ತೊಂದರೆಯಾಗುತ್ತದೆಂಬುದು ತಮಗೆ ಗೊತ್ತಿದೆ, ಒಂದೂವರೆಗೆ ಬರಲಾಗದವರ ಮಕ್ಕಳನ್ನು ಮೂರೂವರೆಯ ತನಕವೂ ಒಳಗೆ ಇರಿಸಿಕೊಳ್ಳುತ್ತೇವೆ, ಆದರೆ ಗುಡುಗು ಶುರುವಾದ ಮೇಲೆ ಯಾರು ಬಂದು ಕರೆದರೂ ಮಗುವನ್ನು ಅಂಗಳಕ್ಕೆ ಇಳಿಸುವುದಿಲ್ಲ ಎಂದೂ ಬರೆದಿದ್ದಾರೆ. ಈ ಕೊನೆಯ ಮಾತು ಮೊದಲು ನನಗೆ ಸ್ವಲ್ಪ ಗಡುಸಾಗಿ ಕೇಳಿಸಿತು.

ಅಕ್ಟೋಬರಿನ ಒಂದು ದಿನ ನಾನು ತಡವಾಗಿ, ಎರಡೂಮುಕ್ಕಾಲಕ್ಕೆ ಹೋದೆ. ಗೇಟು ದಾಟುವಾಗಲೇ ಮಿಂಚಿತು. ಟೀಚರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಉಳಿದಿದ್ದ ಆರು ಮಕ್ಕಳನ್ನು ಕಿಟಕಿಯಿಂದ ದೂರ, ನಡುಕೋಣೆಯ ಚಾಪೆಯಲ್ಲಿ ಕಾಲುಮಡಚಿ ಕೂರಿಸಿದ್ದರು. ಗೋಡೆಯ ಪ್ಲಗ್‌ಗಳನ್ನೆಲ್ಲ ಕಳಚಿಟ್ಟಿದ್ದರು. ಇನ್ನೊಂದು ಮಿಂಚು ಹೊಳೆದದ್ದೇ ಆರು ಮಕ್ಕಳೂ ಒಟ್ಟಿಗೆ ಎಣಿಸತೊಡಗಿದರು: ಒಂದು, ಎರಡು, ಮೂರು, ನಾಲ್ಕು. ಏಳಕ್ಕೆ ಗುಡುಗಿತು. ಬೆಳಕು ತಕ್ಷಣ ತಲುಪುತ್ತದೆ, ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವ ಮೊದಲೇ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ, ಹೊರಗೆ ಕಾಲಿಡಬಾರದು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಬೇಕು ಎಂಬ ಪತ್ರದ ಲೆಕ್ಕವನ್ನು ಮಕ್ಕಳಿಗೆ ಆಟವಾಗಿ ಕಲಿಸಿಬಿಟ್ಟಿದ್ದರು. ಮಿಂಚಿದರೆ ಬೆಚ್ಚಿ ಅಳುತ್ತಿದ್ದ ನನ್ನ ಮಗಳು ಎಣಿಸುವುದರಲ್ಲಿ ಮಗ್ನಳಾಗಿದ್ದಳು. ಹದಿನಾಲ್ಕು ಬಿಟ್ಟು ಹದಿನೈದಕ್ಕೆ ಹಾರುವುದು ಅವಳ ಹಳೆಯ ಅಭ್ಯಾಸ. ಆ ಅರ್ಧ ಗಂಟೆಯಲ್ಲಿ ಅದೂ ಸರಿಯಾಯಿತು. ನಾನು ಚಾಪೆಯ ತುದಿಯಲ್ಲಿ ಕುಳಿತು ಕಾದೆ. ನನ್ನ ಮಗುವನ್ನೇ ನನಗೆ ಕೊಡದೆ ಕಾಯಿಸಿದವರ ಮೇಲೆ ಅಂದು ನನಗೆ ಮೂಡಿದ್ದು ಕೃತಜ್ಞತೆ.

ಗುಡುಗು ಕೇಳಿದಾಗ ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ ತರಲು ಓಡಬೇಡಿ, ಟೆರೇಸಿಗೆ ಹೋಗಬೇಡಿ, ನಲ್ಲಿಯ ನೀರನ್ನು ಮುಟ್ಟಬೇಡಿ ಎಂಬ ಸಾಲುಗಳೂ ಆ ಪತ್ರದಲ್ಲಿವೆ. ಅಡಿಕೆ ಒಣಗಿಸುವ ಅಂಗಳವಿರುವ ಮನೆಯವರಿಗೆ ಮೋಡ ಕಂಡಾಗ ಟರ್ಪಾಲು ಹಿಡಿದು ಓಡುವುದು ಉಸಿರಾಟದಷ್ಟೇ ಸಹಜ. ಆದ್ದರಿಂದ ಮೋಡ ಕಟ್ಟುವ ಮೊದಲೇ, ಮಧ್ಯಾಹ್ನದ ಊಟಕ್ಕೆ ಕೂರುವಾಗಲೇ ಅಡಿಕೆಗೆ ಟರ್ಪಾಲು ಹೊದೆಸಿ ಎಂದು ಸೇರಿಸಿದ್ದಾರೆ. ಮಾಡಬೇಡಿ ಎಂದ ಕಡೆಯಲ್ಲೆಲ್ಲ, ಹಾಗಾದರೆ ಏನು ಮಾಡಬಹುದು ಎಂಬುದನ್ನೂ ಹೇಳಿರುವುದು ಈ ಪತ್ರಗಳ ದೊಡ್ಡ ಗುಣ.

ವಿಜಯದಶಮಿಯ ಪ್ರಕಟಣೆ ಚಿಕ್ಕದು. 2025ರಲ್ಲಿ ಅದು ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ ಬಂದಿತ್ತು. ಇಚ್ಛೆಯುಳ್ಳವರು ಮಕ್ಕಳನ್ನು ಕರೆತಂದು ಹರಿವಾಣದ ಅಕ್ಕಿಯಲ್ಲಿ ಅಕ್ಷರ ಬರೆಸಬಹುದು. ದೇವಸ್ಥಾನಕ್ಕೆ ಹೋಗುವವರು ಅಲ್ಲಿಗೆ ಹೋಗಬಹುದು, ಎರಡೂ ಬೇಡವಾದವರ ಮಗುವಿಗೆ ಯಾವ ಕೊರತೆಯೂ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಹರಿವಾಣ ಕನ್ನಡದ ‘ಅ’ಕ್ಕೊಂದು, ಮಲಯಾಳದ ‘ಅ’ಕ್ಕೊಂದು. ಅದರ ಕೆಳಗಿನ ಟಿಪ್ಪಣಿ ನನಗೆ ಹೆಚ್ಚು ಮೆಚ್ಚಿಗೆಯಾಯಿತು: ಅಕ್ಕಿಯಲ್ಲಿ ಬೆರಳಾಡಿಸಿದ ಮಾತ್ರಕ್ಕೆ ಮರುದಿನದಿಂದ ಮೂರು ವರ್ಷದ ಮಗುವಿಗೆ ಕಾಪಿ ಪುಸ್ತಕ ತುಂಬಿಸುವ ಕೆಲಸ ಕೊಡಬೇಡಿ, ಪೆನ್ಸಿಲು ಹಿಡಿಯುವ ಬಲ ಅಂಗೈಗೂ ಬೆರಳುಗಳಿಗೂ ಬರುವುದು ಹಿಟ್ಟು ನಾದುವುದರಿಂದ, ಬೀನ್ಸ್ ಮುರಿಯುವುದರಿಂದ, ಹುಣಿಸೆಬೀಜ ಆರಿಸುವುದರಿಂದ. ಇಂಗ್ಲಿಷ್ ಬರೆಸುವುದಿಲ್ಲವೆಂದು ದೂರುವ ಹೆತ್ತವರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಟೀಚರ್‌ಗಳು ಜಗಳವಾಡದೆ, ಈ ಬಗೆಯಲ್ಲಿ ಉತ್ತರ ಕೊಟ್ಟಿದ್ದಾರೆ.

ದೀಪಾವಳಿಯ ರಜೆಯ ವಿಷಯದಲ್ಲಿ ಗಡಿನಾಡಿನ ಒಂದು ಸಂಕಷ್ಟವನ್ನು ಪತ್ರ ಜಾಣ್ಮೆಯಿಂದ ಬಿಡಿಸಿದೆ. ಕೇರಳದ ಸರಕಾರಿ ಪಟ್ಟಿಯಲ್ಲಿ ದೀಪಾವಳಿಗೆ ರಜೆ ಒಂದೇ ದಿನ, 2025ರಲ್ಲಿ ಅದು ಅಕ್ಟೋಬರ್ 20. ನಮ್ಮ ಮನೆಗಳಲ್ಲಿ ಎಣ್ಣೆಸ್ನಾನದಿಂದ ಆರಂಭವಾದ ಹಬ್ಬ, ಅಕ್ಟೋಬರ್ 22ರ ಬಲಿಪಾಡ್ಯದಂದು ಬಲೀಂದ್ರನಿಗೆ ದೀಪವಿಟ್ಟು ಕೂ ಹಾಕುವ ತನಕ ಮುಗಿಯುವುದಿಲ್ಲ. ಮೂರು ದಿನ ಮುಚ್ಚಿದರೆ ಹಬ್ಬವಿಲ್ಲದ ಮನೆಯ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಪತ್ರದ ಕೊನೆಗೆ ಹರಿದು ಕೊಡುವ ಚೀಟಿಯೊಂದನ್ನು ಇಟ್ಟು, ನಿಮ್ಮ ಮಗು ಈ ಮೂರು ದಿನಗಳಲ್ಲಿ ಯಾವ ದಿನ ಬರುತ್ತದೆಂದು ಗುರುತು ಹಾಕಿ ಎಂದು ಕೇಳಿದರು. 21ಕ್ಕೂ 22ಕ್ಕೂ ಒಂಬತ್ತು ಮಕ್ಕಳು ಬರುವುದಾಗಿ ತಿಳಿದ ಮೇಲೆ ಒಬ್ಬ ಟೀಚರ್ ಮಾತ್ರ ಬಂದು ನೋಡಿಕೊಂಡರು, ಇನ್ನೊಬ್ಬರು ತಮ್ಮ ಮನೆಯ ಹಬ್ಬಕ್ಕೆ ಉಳಿದರು.

ಸುಡುಮದ್ದಿನ ಬಗೆಗೆ ಬರೆದದ್ದನ್ನು ಇಲ್ಲಿ ಎತ್ತಿ ಹೇಳುವುದು ಎಲ್ಲರಿಗೂ ಉಪಯೋಗವಾದೀತು. ಮಕ್ಕಳ ಕೈಗೆ ನಾವು ಧೈರ್ಯವಾಗಿ ಕೊಡುವ ಸುರುಸುರುಕಡ್ಡಿಯ ತುದಿ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾದಿರುತ್ತದೆ, ಆರಿದ ಮೇಲೂ ಕೆಲವು ಹೊತ್ತು ಸುಡುತ್ತದೆ. ಆರಿದ ಕಡ್ಡಿಯನ್ನು ನೀರಿನ ಬಕೆಟಿಗೆ ಹಾಕಬೇಕು. ನೈಲಾನ್ ಲಂಗ ಬೇಡ, ಹತ್ತಿಯ ಬಟ್ಟೆ ಇರಲಿ. ಸುಟ್ಟರೆ ಆ ಜಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು; ಟೂತ್‌ಪೇಸ್ಟ್, ತುಪ್ಪ, ಅರಸಿನ, ಮಂಜುಗಡ್ಡೆ ಯಾವುದನ್ನೂ ಹಚ್ಚಬಾರದು, ಅವು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ ಅಥವಾ ಗಾಯವನ್ನು ಕೆಡಿಸುತ್ತವೆ. ಹಬ್ಬದ ತಿಂಡಿಯನ್ನು ಡಬ್ಬಿಯಲ್ಲಿ ಕಳುಹಿಸುವವರು ಇಡೀ ನೆಲಗಡಲೆ ಹಾಕಿದ ಚಿಕ್ಕಿಯನ್ನೂ ಗಟ್ಟಿ ಚಕ್ಕುಲಿಯನ್ನೂ ಕಳುಹಿಸಬಾರದೆಂಬ ಸೂಚನೆಗೆ ಕೊಟ್ಟ ಕಾರಣ, ಐದು ವರ್ಷದೊಳಗಿನ ಮಕ್ಕಳು ನಗುತ್ತಾ ಓಡುತ್ತಾ ತಿನ್ನುವಾಗ ಇಡೀ ಕಾಳು ಶ್ವಾಸನಾಳಕ್ಕೆ ಇಳಿಯುವ ಅಪಾಯ. ಅತ್ತೆಯವರು ಆ ಬಾರಿ ಅವಲಕ್ಕಿಯನ್ನೂ ಬಾಳೆಹಣ್ಣಿನ ಹಲ್ವವನ್ನೂ ಡಬ್ಬಿಗೆ ಹಾಕಿದರು.

ಕುಂದುಗಳನ್ನೂ ಹೇಳಬೇಕು. ನವೆಂಬರ್ 1 ಕೇರಳಕ್ಕೆ ಹುಟ್ಟುಹಬ್ಬ, ಕರ್ನಾಟಕಕ್ಕೆ ರಾಜ್ಯೋತ್ಸವ. ಎರಡಕ್ಕೂ ಮೂಲ 1956ರ ಅದೇ ದಿನವಾದುದರಿಂದ ನಮ್ಮೂರಿನಲ್ಲಿ ಆ ತಾರೀಕಿನ ಯಾವ ಕಾರ್ಯಕ್ರಮವೂ ನಾಜೂಕಿನದು. 2025ರಲ್ಲಿ ಅದು ಶನಿವಾರವಾದುದರಿಂದ ಅಕ್ಟೋಬರ್ 31ರಂದೇ ಮಕ್ಕಳ ಕಾರ್ಯಕ್ರಮ ಇಟ್ಟುಕೊಂಡರು. ಎಲ್ಲ ಮಕ್ಕಳಿಗೂ ಕಸವಿನ, ಅಂದರೆ ಕೇರಳದ ಬಂಗಾರದ ಜರಿಯ, ಅಂಚಿನ ಬಿಳಿ ಉಡುಪು ಬೇಕೆಂದು ಸೂಚನೆ ಬಂದದ್ದು 29ರ ಸಂಜೆ. ಅಷ್ಟರಲ್ಲಿ ಉಡುಪು ಹೊಲಿಸುವುದು ಯಾರಿಂದಲೂ ಆಗದ ಮಾತು. ಬಾಡಿಗೆಗೆ ತರಲು ಹೋದವರು 300 ರೂಪಾಯಿ ಕೊಟ್ಟು ಬಂದರು. ಇದಕ್ಕಿಂತಲೂ ನನಗೆ ಬೇಸರ ತಂದದ್ದು, ಉಳಿದೆಲ್ಲ ಕಡೆ ಕಾರಣ ಹೇಳುವ ಪತ್ರ ಇಲ್ಲಿ ಮಾತ್ರ ಒಂದು ಸಾಲಿನ ಅಪ್ಪಣೆಯಾಗಿದ್ದದ್ದು. ಮನೆಯಲ್ಲಿರುವ ಒಳ್ಳೆಯ ಬಟ್ಟೆ ಸಾಕು, ಹಾಡು ಎರಡೂ ಭಾಷೆಯಲ್ಲಿರಲಿ ಎಂದು ನಾವು ಕೆಲವರು ಹೋಗಿ ಹೇಳಿದೆವು. ಹಾಡಿನ ಮಾತನ್ನು ಕೂಡಲೇ ಒಪ್ಪಿದರು. ಉಡುಪಿನ ಸೂಚನೆಯನ್ನು ಮುಂದೆ ಹತ್ತು ದಿನ ಮೊದಲೇ ಕೊಡುವುದಾಗಿ ನವೆಂಬರ್ ಪತ್ರದಲ್ಲಿ ಬರೆದು ಕೊಟ್ಟರು.

ರಜೆಯ ಸಂದೇಶದಲ್ಲಿಯೂ ಕಳೆದ ಮಳೆಗಾಲದಲ್ಲಿ ಒಂದು ತಪ್ಪಾಗಿತ್ತು. ಜೋರು ಮಳೆಗೆ ಜಿಲ್ಲಾಧಿಕಾರಿಗಳು ರಜೆ ಸಾರುವಾಗ ಅಂಗನವಾಡಿ, ಮದ್ರಸ, ಟ್ಯೂಷನ್ ಸೆಂಟರುಗಳೂ ಅದರಲ್ಲಿ ಸೇರಿರುತ್ತವೆ. ಆ ದಿನ ನಮಗೆ ಸಂದೇಶ ಬಂದಾಗ ಗಂಟೆ ಎಂಟೂಮುಕ್ಕಾಲು, ಮಗು ಆಟೋದಲ್ಲಿ ಅರ್ಧ ದಾರಿ ತಲುಪಿತ್ತು. ಆಟೋದ ಅಣ್ಣ ಮಳೆಯಲ್ಲೇ ತಿರುಗಿಸಿಕೊಂಡು ಬಂದರು. ಸೆಪ್ಟೆಂಬರ್ ಪತ್ರದಲ್ಲಿ ಇದಕ್ಕೆ ಕ್ಷಮೆ ಕೇಳಿ, ಮುಂದೆ ಸಂದೇಶವನ್ನು ಬೆಳಗ್ಗೆ ಏಳರೊಳಗೆ ಕೊಡುವುದಾಗಿಯೂ, ಆಟೋದವರಿಗೆ ಮೊದಲು ಫೋನ್ ಮಾಡುವುದಾಗಿಯೂ ಬರೆದಿದ್ದಾರೆ. ಆ ಬಳಿಕ ಮಾತು ತಪ್ಪಿಲ್ಲ.

ನವೆಂಬರ್ ಪತ್ರ ಉಳಿದೆರಡರಷ್ಟು ತುಂಬಿಲ್ಲ. 14ರ ಮಕ್ಕಳ ದಿನಾಚರಣೆ, ಬೆಳಗಿನ ಇಬ್ಬನಿಗೆ ತೆಳುವಾದ ಸ್ವೆಟರು, ಮಳೆಗಾಲದ ಹಾವಸೆ ಇನ್ನೂ ಒಣಗದ ಮೆಟ್ಟಿಲುಗಳಲ್ಲಿ ಕೈಹಿಡಿದು ನಡೆಸುವುದು, ಹೆಸರು ಹೊಲಿದ ಎರಡು ಜೊತೆ ಬಟ್ಟೆ ಇವು ಸಾಮಾನ್ಯ ವಿಷಯಗಳು. ಆದರೆ ಅದರಲ್ಲಿಯೂ ಒಂದು ಸೂಚನೆ ನಮ್ಮೂರಿನವರಲ್ಲದೆ ಬೇರೆ ಯಾರೂ ಬರೆಯಲಾರರು. ತುಲಾ ಮಾಸದ ಹತ್ತು ದಿನ ಕಳೆದ ಮೇಲೆ ದೈವಗಳ ತೆಯ್ಯಂ, ಕೋಲಗಳು ಆರಂಭವಾಗುತ್ತವೆ, ಯಕ್ಷಗಾನ ಮೇಳಗಳ ಆಟಗಳೂ ಶುರುವಾಗುತ್ತವೆ. ಮನೆಯವರ ಜೊತೆಗೆ ಮಕ್ಕಳೂ ರಾತ್ರಿಯಿಡೀ ಎಚ್ಚರಿರುತ್ತಾರೆ. ಮೂರರಿಂದ ಐದು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಹಾಗಾಗಿ ಕೋಲಕ್ಕೆ ಕರೆದುಕೊಂಡು ಹೋಗಬೇಡಿ ಎನ್ನುವುದಿಲ್ಲ, ಅದೂ ಮಗು ನೋಡಬೇಕಾದದ್ದೇ. ಮರುದಿನ ನಿದ್ದೆ ತಿಳಿದೆದ್ದ ಮೇಲೆ ಹನ್ನೊಂದು ಗಂಟೆಗೆ ಕಳುಹಿಸಿ, ಒಂದು ಫೋನ್ ಮಾಡಿದರೆ ಗಂಜಿಯನ್ನೂ ಹೆಸರುಕಾಳಿನ ಪಲ್ಯವನ್ನೂ ಎತ್ತಿಟ್ಟಿರುತ್ತೇವೆ ಎಂದಿದೆ. ಇದನ್ನು ಓದಿದಾಗ ನನ್ನ ಕಣ್ಣು ಒದ್ದೆಯಾಯಿತು.

ದೊಡ್ಡ ಮೈದಾನ, ಸ್ಮಾರ್ಟ್ ಕ್ಲಾಸು, ಮನೆ ಬಾಗಿಲಿಗೆ ಬರುವ ವ್ಯಾನು ಬೇಕೆನ್ನುವವರಿಗೆ ಈ ಶಿಶುವಿಹಾರ ಹೊಂದುವುದಿಲ್ಲ. ಶುಲ್ಕ ಕೊಡುವುದು ಕಷ್ಟವಾದವರಿಗೆ ಹತ್ತಿರದಲ್ಲೇ ಅಂಗನವಾಡಿಯಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಆ ಯೋಜನೆಗೆ 2025ರಲ್ಲಿ ಐವತ್ತು ವರ್ಷ ತುಂಬಿತು, ನಮ್ಮ ವಾರ್ಡಿನ ಅಂಗನವಾಡಿ ಟೀಚರ್ ಈ ಪತ್ರಗಳನ್ನು ಕೇಳಿ ಪಡೆದು ತಮ್ಮ ಮಕ್ಕಳ ಮನೆಗಳಿಗೂ ತಿಳಿಸುತ್ತಿದ್ದಾರೆ. ತಾಯಿ ಕೆಲಸಕ್ಕೆ ಹೋಗುವ, ಅಜ್ಜಿಯರು ಮಗುವನ್ನು ನೋಡಿಕೊಳ್ಳುವ, ಕನ್ನಡದಲ್ಲಿ ಓದಬಲ್ಲ ಮನೆಯವರಿಗೆ ನಾನು ಇದನ್ನು ಮನಸಾರೆ ಹೇಳುತ್ತೇನೆ. ದಾಖಲಾತಿ ಏಪ್ರಿಲಿನಲ್ಲಿ, ಹೋಗುವ ಮೊದಲು ಹಿಂದಿನ ತಿಂಗಳ ಪತ್ರವನ್ನು ಕೇಳಿ ಓದಿ ನೋಡಿ.

ಇನ್ನೊಂದು ಕುಂದು ಅಕ್ಷರದ ಗಾತ್ರದ್ದು. ಎಲ್ಲವನ್ನೂ ಒಂದೇ ಮಗ್ಗುಲಲ್ಲಿ ಹಿಡಿಸಬೇಕೆಂದು ಅಕ್ಷರಗಳನ್ನು ಎಷ್ಟು ಸಣ್ಣದಾಗಿ ಮಾಡಿದ್ದರೆಂದರೆ, ಅತ್ತೆಯವರು ಪತ್ರವನ್ನು ಚಾವಡಿಯ ಕಂಬದ ಬಳಿ ಬೆಳಕಿಗೆ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ ಓದಬೇಕಾಗುತ್ತಿತ್ತು. ನವೆಂಬರ್ ಪತ್ರದ ಚೀಟಿಯಲ್ಲಿ, ನಿಮ್ಮ ಸಲಹೆ ಏನಾದರೂ ಇದೆಯೇ ಎಂದು ಕೇಳಿದ್ದ ಜಾಗದಲ್ಲಿ ಅವರು ತಮ್ಮ ಕೈಯಾರೆ, ದುಂಡಗಿನ ಹಳೆಯ ಶಾಲೆಯ ಅಕ್ಷರಗಳಲ್ಲಿ ‘ಅಕ್ಷರ ದೊಡ್ಡದು ಮಾಡಿ, ನಮಗೆ ಓದಲು ಆಸೆ ಇದೆ’ ಎಂದು ಬರೆದು ಮೊಮ್ಮಗಳ ಚೀಲದಲ್ಲಿ ಇಟ್ಟರು. ಡಿಸೆಂಬರ್ ಪತ್ರ ಮೊನ್ನೆ ಬಂತು. ಎರಡು ಕಾಗದ, ನಡುವೆ ಒಂದು ಪಿನ್ನು. ಮೊದಲ ಸಾಲನ್ನು ಅತ್ತೆಯವರು ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಗಟ್ಟಿಯಾಗಿ ಓದಿದರು.